ಬಾನಿಯಲ್ಲಿ ನೆನೆದ ಬಂದೂಕು

ಗುದ್ದಲಿಯಾಗಲಿ, ಕೊಡಲಿಯಾಗಲಿ, ಹಿಡಿ ಹಾಕುವುದರಲ್ಲಿ ನಮ್ಮೂರು ಆದಿವಾಲದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹೀಗೆಂದು ಬೇರೆ ಯಾರೂ ಹೇಳಿಲ್ಲ, ನಾನೇ ಹೇಳಿಕೊಂಡಿದ್ದೇನೆ. ಆದ್ದರಿಂದ ಬಂದೂಕಿನ ಹಿಡಿಗೆ ಗೆದ್ದಲು ಹತ್ತಿದಾಗ ನನಗೆ ಒಂದಿಷ್ಟೂ ಗಾಬರಿಯಾಗಲಿಲ್ಲ.

ಬಂದೂಕು ನಮ್ಮ ಮಾವನವರದು, ಅವರ ಮಿಲಿಟರಿ ಕಾಲದ್ದು. ನಳಿಗೆಗೆ ಸೀಸ ಹೊಯ್ಯಿಸಿ, ಗುಂಡು ಹಾರದ ಹಾಗೆ ಮಾಡಿಸಿ, ಇಟ್ಟುಕೊಳ್ಳಿ ಎಂದು ಸರ್ಕಾರದವರು ಯಾವಾಗಲೋ ಬಿಟ್ಟಿದ್ದರು. ಈಗ ಅದರ ಯಜಮಾನ ನನ್ನ ಗಂಡ ತಿಪ್ಪೇಸ್ವಾಮಿ. ಇಬ್ಬರೂ ಗೋಡೆಗೆ ಒರಗಿಕೊಂಡಿರುತ್ತಾರೆ. ಇಬ್ಬರಿಂದಲೂ ಕೆಲಸವಿಲ್ಲ. ಆದರೆ ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ಹೆಗಲ ಮೇಲಿಟ್ಟು ಅಂಗಳದಲ್ಲಿ ನಡೆದಾಡುವಾಗ ಮಾತ್ರ ನಮ್ಮ ಯಜಮಾನರ ಬೆನ್ನು ನೆಟ್ಟಗಾಗುತ್ತದೆ. ವರ್ಷವಿಡೀ ಅವರು ಕಾಯುವುದು ಆ ದಿನಕ್ಕೆ.

ಎಲೆಕ್ಷನ್ ಬಂದರೆ ಬಂದೂಕನ್ನು ಹಿರಿಯೂರಿನ ಠಾಣೆಗೆ ಒಪ್ಪಿಸಬೇಕು. ಕಬ್ಬಿಣದ ಮೇಲೆ ಕೊರೆದ ನಂಬರ್ ನೋಡಿ ಇಟ್ಟುಕೊಳ್ಳುತ್ತಾರೆ, ಎಲೆಕ್ಷನ್ ಮುಗಿದ ಮೇಲೆ ವಾಪಸ್ ಕೊಡುತ್ತಾರೆ. ನಂಬರ್ ಸಿಗದಿದ್ದರೆ ಬಂದೂಕು ಸರ್ಕಾರದ ಪಾಲು. ಈ ಸಲ ಒಪ್ಪಿಸಲೆಂದು ಗೋಡೆಯ ಬದಿಯಿಂದ ಎತ್ತಿದರೆ, ಹಿಡಿಯ ಮರ ರಾಗಿ ಹಿಟ್ಟಿನಂತೆ ಉದುರಿತು.

“ದುರ್ಗದಾಗೆ ಬಂದೂಕು ರಿಪೇರಿ ಮಾಡೋರು ಅವ್ರೆ, ಹೋಗಾಣ,” ಎಂದರು ಯಜಮಾನರು.

“ಒಂದು ಹಿಡಿಗೆ ದುರ್ಗಕ್ಕೆ ಯಾಕ್ರಿ ಹೋಗ್ಬೇಕು? ಅಟ್ಟದ ಮ್ಯಾಲೆ ನೇಗಿಲ ಮೇಣಿ ಐತೆ.”

ಉಳುವಾಗ ಕೈಯಲ್ಲಿ ಹಿಡಿಯುವ, ಟ್ರ್ಯಾಕ್ಟರ್ ಬಂದ ಮೇಲೆ ಅಟ್ಟ ಸೇರಿದ್ದ ಜಾಲಿ ಮರದ ಮೇಣಿ ಅದು. ಅದರ ಬಾಗು ಬಂದೂಕಿಗೆಂದೇ ಹುಟ್ಟಿದ ಹಾಗಿತ್ತು. ಕೆತ್ತುವುದಕ್ಕೆ ಬಡಗಿ ರಸೂಲ್ ಸಾಬರಿಗೆ ಕೊಟ್ಟೆ. ಅವರು ಮಂಚ ಮಾಡುವುದರಲ್ಲಿ ಹೆಸರಾದವರು. ಬಂದೂಕು ಮುಟ್ಟಿದವರಲ್ಲ, ಹಾಗೆಂದು ಒಪ್ಪಿಕೊಳ್ಳುವವರೂ ಅಲ್ಲ. ಅವರು ತಂದುಕೊಟ್ಟ ಹಿಡಿಯ ತುದಿಗೆ ಬಳೆ ಬಳೆಯಾಗಿ ಕೆತ್ತನೆ ಇತ್ತು.

“ಇದು ಬಂದೂಕೋ, ಮಂಚದ ಕಾಲೋ?” ಎಂದರು ಯಜಮಾನರು.

“ಚೆಂದ ಕಾಣ್ಲಿ ಅಂತ ಮಾಡೀನ್ರಿ. ಪೊಲೀಸ್ರೂ ನೋಡ್ಲಿ.”

ಕಬ್ಬಿಣ ಹಿಡಿಯೊಳಗೆ ಕೂತಿತು, ಆದರೆ ಮುದುಕಿಯ ಹಲ್ಲಿನಂತೆ ಅಲ್ಲಾಡಿತು. ನಾಳೆ ಬಂದು ಸಂದಿಗೆ ಮರದ ಚಕ್ಕೆ ಕೊಟ್ಟು ಬಿಗಿ ಮಾಡುತ್ತೇನೆ ಎಂದರು ಸಾಬರು. ಬೇಡವೆಂದು ಕಳಿಸಿದೆ. ಗುದ್ದಲಿ ಸಡಿಲಾದರೆ ನಾವು ಏನು ಮಾಡುತ್ತೇವೆ? ನೀರಲ್ಲಿ ನೆನೆಹಾಕುತ್ತೇವೆ. ಮರ ಉಬ್ಬಿ ಕಬ್ಬಿಣವನ್ನು ಕಚ್ಚಿಕೊಳ್ಳುತ್ತದೆ. ಇಷ್ಟಕ್ಕೆ ಚಕ್ಕೆ ಯಾಕೆ, ಸಾಬರು ಯಾಕೆ?

ಯಜಮಾನರು ಹೊರಗೆ ಹೋದ ಸಮಯ ನೋಡಿ, ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಬಂದೂಕನ್ನು ಮಲಗಿಸಿ ಮೇಲೊಂದು ಕಲ್ಲು ಹೇರಿದೆ. ಎಮ್ಮೆ ನೀರಿಗೆ ಬಂತು, ಬಾನಿಯೊಳಗೆ ನೋಡಿತು, ಹಿಂದಕ್ಕೆ ಸರಿಯಿತು. ಆವತ್ತು ನಮ್ಮ ಮನೆಯಲ್ಲಿ ಬುದ್ಧಿ ಇದ್ದದ್ದು ಅದಕ್ಕೊಂದಕ್ಕೇ.

ಮರ ಕಚ್ಚಿತು. ಬೇಕಾದ್ದಕ್ಕಿಂತ ಚೆನ್ನಾಗಿಯೇ ಕಚ್ಚಿತು. ಸಾಬರು ಹಿಡಿಯ ಅಂಚನ್ನು ಎತ್ತರ ಬಿಟ್ಟಿದ್ದರಿಂದ ನಂಬರ್ ಮರದೊಳಗೆ ಸೇರಿತ್ತು. ಸಡಿಲವಿದ್ದಾಗ ಕಬ್ಬಿಣವನ್ನು ಎತ್ತಿ ತೋರಿಸಬಹುದಿತ್ತು. ಈಗ, ಯಜಮಾನರು ಮನೆಗೆ ಬಂದ ಮೇಲೆ, ಇಬ್ಬರೂ ಎರಡು ಕಡೆ ಹಿಡಿದು ಎಳೆದರೂ ಬರಲಿಲ್ಲ.

“ಲೇ, ಬಂದೂಕ್ನ ಯಾರಾದ್ರೂ ಬಾನೀಗೆ ಹಾಕ್ತಾರೇನೆ?”

“ಅಲ್ಲಾಡ್ತಿತ್ತಲ್ಲ. ಈಗ ಅಲ್ಲಾಡ್ತೈತಾ ನೋಡ್ರಿ.”

ಅಲ್ಲಾಡಲಿಲ್ಲ. ಅವರೂ ಅಲ್ಲಾಡಲಿಲ್ಲ. ಬಾನಿಯ ಪಕ್ಕದಲ್ಲಿ ಕುಂತುಬಿಟ್ಟರು.

ಮರುದಿನವೇ ಒಪ್ಪಿಸಲು ಕೊನೆಯ ದಿನ. ಬೆಳಿಗ್ಗೆ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಠಾಣೆಗೆ ಹೋದೆವು. ಪೇದೆ ಕಂಬಳಿ ಬಿಚ್ಚಿದ.

“ನಂಬರ್ ಎಲ್ಲೈತಜ್ಜಿ?”

“ಒಳಗೈತಪ್ಪ.”

“ಹಂಗಾದ್ರೆ ನಾನೂ ಒಳಗೆ ಹೋಗಿ ನೋಡ್ಲಾ? ಇದೇನಿದು, ನೀರು ಸೋರ್ತೈತೆ?”

“ನಮ್ಮಾಕೆ ನೀರು ಕುಡಿಸ್ಯಾಳೆ ಸಾರ್,” ಎಂದರು ಯಜಮಾನರು.

“ಸಂಜೆ ಒಳಗೆ ನಂಬರ್ ಕಾಣ್ಬೇಕು. ಇಲ್ದಿದ್ರೆ ಈ ಬಂದೂಕ್ನ ಮರ್ತುಬಿಡ್ರಿ.”

ಯಜಮಾನರ ಮುಖ ನೋಡಲಾಗಲಿಲ್ಲ. ನೆನೆದದ್ದು ಒಣಗಲೇಬೇಕು ಎಂದು ಠಾಣೆಯ ಅಂಗಳದಲ್ಲಿ ಕಂಬಳಿ ಹಾಸಿ, ಬಂದೂಕನ್ನು ಬಿಸಿಲಿಗೆ ಹಾಕಿದೆ. ಅದನ್ನು ಒಂಟಿಯಾಗಿ ಬಿಡುವಂತಿಲ್ಲ. ಅದಕ್ಕೇ ಆಚೆಗೊಬ್ಬರು ಈಚೆಗೊಬ್ಬರು ಕೂತು ಹಪ್ಪಳ ಕಾಯುವಂತೆ ಕಾದೆವು. ಕಾಗೆ ಬಂದಾಗ ಅಭ್ಯಾಸಬಲದಿಂದ ಓಡಿಸಿದೆ.

ಮಧ್ಯಾಹ್ನ ಕಳೆದ ಮೇಲೆ ಟಪ್ಪೆಂದು ಸದ್ದಾಯಿತು. ಪೇದೆ ಊಟದ ಡಬ್ಬಿ ಬಿಟ್ಟು ಓಡಿಬಂದ. ಹಿಡಿ ಉದ್ದಕ್ಕೂ ಸೀಳಿ ಬಾಯಿ ಬಿಟ್ಟಿತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಬಂದೂಕು ಶಬ್ದ ಮಾಡಿದ್ದು ಅದೊಂದೇ ಸಲ. ಸೀಳಿನಲ್ಲಿ ತುಕ್ಕು ಹಿಡಿದ ನಂಬರ್ ಇಣುಕುತ್ತಿತ್ತು. ಸೆರಗಿನಿಂದ ಉಜ್ಜಿದೆ. ಪೇದೆಯ ಪುಸ್ತಕದ ನಂಬರಿಗೆ ಸರಿಹೋಯಿತು.

ಎಲೆಕ್ಷನ್ ಮುಗಿದ ಮೇಲೆ ಯಜಮಾನರು ಬಂದೂಕು ಬಿಡಿಸಿಕೊಂಡು, ಒಬ್ಬರೇ ದುರ್ಗಕ್ಕೆ ಹೋಗಿ ಹಿಡಿ ಹಾಕಿಸಿ ತಂದರು. ನನ್ನನ್ನು ಕರೆಯಲಿಲ್ಲ. ಸೀಳಿದ ನಮ್ಮ ಮೇಣಿ ಒಲೆ ಸೇರಿತು, ಒಂದು ಹಂಡೆ ನೀರು ಕಾಯಿತು.

ಮೊನ್ನೆ ಪಕ್ಕದ ಮನೆಯ ಶಾಂತಮ್ಮನ ಗುದ್ದಲಿ ಸಡಿಲಾಗಿತ್ತು. ನೀರಲ್ಲಿ ನೆನೆಹಾಕೇ ಎನ್ನಲು ಬಾಯಿ ತೆರೆದೆ. ಅವಳು ಗುದ್ದಲಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಗುದ್ದಲಿಗೆ ಅದೇ ಸರಿಯಾದ ಉಪಾಯ. ನನಗೆ ಸರಿಯಾಗಿ ಗೊತ್ತಿದ್ದದ್ದು ಅದೊಂದೇ. ಈಗ ಅದನ್ನೂ ಯಾರೂ ಕೇಳುವುದಿಲ್ಲ.