ಹೊಳೆ ದಾಟದ ಹಿಂಡು, ಕದಲದ ಭಾವ

ನಮ್ಮ ಭಾವ ತೆಗೆದ ಫೋಟೋದಲ್ಲಿ ತಲೆ ಇರುವ ಮನುಷ್ಯರನ್ನು ನಾನು ಇದುವರೆಗೆ ಕಂಡಿಲ್ಲ! ನನ್ನ ಮದುವೆಯ ಆಲ್ಬಮ್ಮನ್ನೇ ನೋಡಿ, ಹಾರವಿದೆ, ತಲೆಯಿಲ್ಲ. ಕೇಳಿದರೆ, "ನೀನು ಅಲ್ಲಾಡ್ಬಿಟ್ಟೆ ಕಣೋ" ಎಂದರು. ಅಲ್ಲಾಡದೆ ತಾಳಿ ಕಟ್ಟುವುದು ಹೇಗೆ ಸ್ವಾಮಿ?

ಇಂಥವರಿಗೆ ಆಫ್ರಿಕಾದ ಮಾರಾ ಹೊಳೆಯನ್ನು ವೈಲ್ಡ್‌ಬೀಸ್ಟ್‌ಗಳ ಹಿಂಡು ಈಜಿ ದಾಟುವುದನ್ನು ಕ್ಯಾಮೆರಾದಲ್ಲಿ ಹಿಡಿಯುವ ಹುಚ್ಚು ಹತ್ತಿತು. ಎಮ್ಮೆಯ ಕೊಂಬು, ಮೇಕೆಯ ಗಡ್ಡ, ಕುದುರೆಯ ಬಾಲದ ಪ್ರಾಣಿ ಅದು. ಭಾವ ವಿಲಾಯತಿಯ ಡಿಡ್ಸ್‌ಬರಿಯಲ್ಲಿರುವ ಅರಿವಳಿಕೆಯ ಡಾಕ್ಟರು. ಆಗಸ್ಟಿನಲ್ಲಿ ರಜೆ ಗಿಟ್ಟಿಸಲು ಆಸ್ಪತ್ರೆಯ ಪಾಳಿಪಟ್ಟಿಯಲ್ಲಿದ್ದವರಿಗೆಲ್ಲ ತಮ್ಮ ಕ್ರಿಸ್‌ಮಸ್, ಹೊಸವರ್ಷ, ಕೊನೆಗೆ ಅಕ್ಕನ ಹುಟ್ಟುಹಬ್ಬದ ರಜೆಯನ್ನೂ ಧಾರೆಯೆರೆದರು.

"ಒಂದೇ ಒಂದು ಒಳ್ಳೆ ಫೋಟೋ ಸಿಕ್ರೆ ಸಾಕು ಕಣೇ. ಆಮೇಲೆ ಕ್ಯಾಮೆರಾ ಮುಟ್ಟಲ್ಲ."

ಆ ಮಾತಿನ ಆಸೆಗೇ ಅಕ್ಕ ಒಪ್ಪಿದಳು!

ಹೊರಡುವ ಮೊದಲು ತಾಲೀಮು ಬೇಡವೇ? ಹಡರ್ಸ್‌ಫೀಲ್ಡಿನಲ್ಲಿದ್ದ ನನ್ನನ್ನೂ ಕರೆಸಿದರು. ಜಿನುಗು ಮಳೆಯಲ್ಲಿ ನಾನೂ ಅಕ್ಕನೂ ಅವರ ಮನೆ ಹತ್ತಿರದ ಮರ್ಸಿ ಹೊಳೆಯ ಏರಿಯಿಂದ ಕೆಳಗೆ ಓಡಬೇಕು, ಭಾವ ಎದುರು ದಡದಿಂದ ಕ್ಲಿಕ್ಕಿಸಬೇಕು.

"ಲೋ, ವೈಲ್ಡ್‌ಬೀಸ್ಟ್ ಥರ ಓಡೋ! ಟ್ರ್ಯಾಮ್ ಹಿಡಿಯೋರ ಥರ ಓಡ್ತೀಯಲ್ಲ!"

"ಕೆಸರು ಜಾರುತ್ತೆ ಭಾವ!"

"ಜಾರ್ಲಿ ಬಿಡು, ಸಹಜವಾಗಿ ಬರುತ್ತೆ!"

ನಾಯಿಯೊಡನೆ ಬಂದ ಅಜ್ಜಿಯೊಬ್ಬರು ನಿಂತು, ಪೊಲೀಸರನ್ನು ಕರೆಯಲೇ ಎಂದು ಅಕ್ಕನನ್ನು ಕೇಳಿದರು. ಅಕ್ಕ ಒಂದು ಕ್ಷಣ ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಸಾಮಾನು ಹೊರಲು ನಾನೂ ಕೀನ್ಯಾಕ್ಕೆ ಹೋದೆ. ದಿನವಿಡೀ ದಡದಲ್ಲಿ ಜೀಪು. ಹಿಂಡು ಬರುತ್ತದೆ, ನೀರು ನೋಡುತ್ತದೆ, ವಾಪಸ್ಸು ಹೋಗುತ್ತದೆ. ಸೀರೆ ಅಂಗಡಿಗೆ ಹೋದ ನಮ್ಮ ಬಳಗದಂತೆ! ಮಾತು, ಸೀನು, ಅಲುಗಾಟ ಎಲ್ಲಕ್ಕೂ ಭಾವನ ನಿಷೇಧ. ಅಕ್ಕ ಹಸಿವಿಗೆ ಚಕ್ಕುಲಿ ಬಾಯಿಗಿಟ್ಟಳು.

"ಟೀಯಲ್ಲಿ ನೆನೆಸ್ಕೊಂಡು ತಿನ್ನೇ, ಸದ್ದಾಗುತ್ತೆ!"

"ರೀ, ಅಲ್ಲಿ ನೀರಂಚಲ್ಲಿರೋ ಮೊಸಳೆಗೂ ನಿಮಗೂ ಏನ್ ವ್ಯತ್ಯಾಸ? ಅದೂ ಹಿಂಗೇ ಬಿದ್ಕೊಂಡು ಕಾಯ್ತಿದೆ."

"ಅದರ ಹೆಂಡ್ತಿ ಮಾತಾಡಲ್ಲ."

ರಜೆಯ ಕೊನೆಯ ಬೆಳಿಗ್ಗೆಯೂ ಬಂತು; ಸಂಜೆಗೆ ವಿಮಾನ. ಇನ್ನೇನು ಹೊರಡಬೇಕು, ಹಿಂಡು ದಬದಬನೆ ನೀರಿಗೆ ಧುಮುಕಿತು! ಧೂಳು, ಕೂಗು, ನೊರೆ. ಭಾವ ಕ್ಯಾಮೆರಾ ಎತ್ತಿದರು. ಕ್ಲಿಕ್ಕಿನ ಸದ್ದು ಮಾತ್ರ ಬರಲಿಲ್ಲ. ಒಂದು ಮರಿ ಹಿಂಡು ತಪ್ಪಿ ಸೆಳವಿಗೆ ಸಿಕ್ಕಿ ತೇಲಿಹೋಗುತ್ತಿತ್ತು. ಅಷ್ಟು ದಿನ ನಮ್ಮ ಉಸಿರಿಗೂ ಬೀಗ ಹಾಕಿದ್ದ ಮಹಾನುಭಾವರು ಸೀಟಿನ ಮೇಲೆ ಹತ್ತಿ ನಿಂತು ಕನ್ನಡದಲ್ಲಿ ಕಿರುಚತೊಡಗಿದರು:

"ಎಡಗಡೆ ಬಾರೋ ಪುಟ್ಟಾ! ಎಡಗಡೆ! ಅಲ್ಲಿ ದಡ ತಗ್ಗಿದೆ!"

ಅಕ್ಕಪಕ್ಕದ ಜೀಪಿನವರೆಲ್ಲ ಶ್ಶ್ ಎಂದರು. ಯಾರಿಗೆ ಕೇಳಬೇಕು!

ಹೊಳೆ ಬರಿದಾಯಿತು. ಕ್ಯಾಮೆರಾ ಭಾವನ ಕೊರಳಲ್ಲಿ ಸುಮ್ಮನೆ ತೂಗುತ್ತಿತ್ತು. ಒಂದು ಫೋಟೋ ಕೂಡ ಇಲ್ಲ. ಅಕ್ಕ ಈಗ ಸಿಡಿಯುತ್ತಾಳೆಂದು ನಾನು ಕಾದೆ.

"ಮರಿ ಹತ್ತಿತಾ? ನಂಗೆ ಕಾಣ್ತಿಲ್ಲ ಕಣೇ" ಎಂದರು ಭಾವ. ಕಣ್ಣು ತುಂಬಿದವರಿಗೆ ಕಾಣುವುದಾದರೂ ಹೇಗೆ?

ಅಕ್ಕ ಅವರ ಕನ್ನಡಕ ತೆಗೆದು, ದುಪಟ್ಟಾದ ತುದಿಯಿಂದ ಕಣ್ಣೊರೆಸಿದಳು.

"ಹತ್ತಿತು ರೀ. ಅಮ್ಮನ ಹತ್ರ ಹಾಲು ಕುಡೀತಾ ಇದೆ."