ನಲ್ಲಿ ಸಾಲಿನ ಬೆನ್ನು

ಮುಖ ಕಾಣದಿದ್ದರೆ ಮೈ ಯಾರದೆಂದು ಗೊತ್ತಾಗುವುದಿಲ್ಲ ಎಂದೇ ಈ ವಯಸ್ಸಿನವರೆಗೆ ನಂಬಿಕೊಂಡಿದ್ದೆ. ಹೆಣ್ಣು ನೋಡಲು ಬಂದವರೂ ನನ್ನ ಮುಖ ನೋಡಿ ಉಪ್ಪಿಟ್ಟು ತಿಂದು ಹೋಗಿದ್ದರು. ಬೆನ್ನು ತೋರಿಸು ಎಂದು ಯಾರೂ ಕೇಳಿರಲಿಲ್ಲ. ಕೇಳಿದ ಮೊದಲನೆಯವಳು ಮಾಲತಿ. ಶಿವಮೊಗ್ಗದ ನವುಲೆಯಲ್ಲಿ ನನ್ನ ಮಗಳ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು ಚಿತ್ರ ಬರೆಯುವ ಹುಡುಗಿ. ಕ್ಯಾಲೆಂಡರಿನ ಹೆಂಗಸರೆಲ್ಲ ಒಂದೇ ಅಚ್ಚಿನವರು, ನನಗೆ ಬದುಕಿದ ಮೈ ಬೇಕು ಎಂದಳು. ಬದುಕಿದ್ದೇನೋ ಹೌದು ಎಂದು ಒಪ್ಪಿದೆ. ರವಿಕೆ ತೆಗೆದು, ಸೀರೆ ಸೊಂಟಕ್ಕೆ ಇಳಿಸಿ ಕೂರಬೇಕು ಎಂದಾಗ ಒಂದೇ ಕರಾರು ಹಾಕಿದೆ: ಮುಖ ಬರೆಯಕೂಡದು. ನಾಚಿಕೆಯೇನಲ್ಲ, ಮಕ್ಕಳನ್ನು ಹೆತ್ತ ಮೇಲೆ ಅದೆಲ್ಲ ಉಳಿಯುವುದಿಲ್ಲ. ಹೆದರಿದ್ದು ಭದ್ರಾವತಿಯ ಕ್ವಾರ್ಟರ್ಸಿನವರ ಬಾಯಿಗೆ. ಗಂಡನ ಕೆಲಸ ಇರುವವರೆಗೂ ಅಲ್ಲಿ ಬಾಳಿದವಳು ನಾನು. ಅಲ್ಲಿ ಒಬ್ಬರ ಸಾರಿಗೆ ಉಪ್ಪು ಹೆಚ್ಚಾದರೆ ಸಂಜೆಯೊಳಗೆ ಕಾರ್ಖಾನೆಯ ಗೇಟಿಗೆ ಸುದ್ದಿ ಮುಟ್ಟುತ್ತದೆ.

ಗೋಡೆಗೆ ಮುಖ ಮಾಡಿ ಮಣೆಯ ಮೇಲೆ ಕೂತೆ. ಪಕ್ಕದ ಕಿಟಕಿಯ ಬಿಸಿಲು, ಬಾಣಂತಿಗೆ ಎಣ್ಣೆ ಹಚ್ಚುವವಳ ಕೈಯಂತೆ, ನಿಧಾನವಾಗಿ ಬೆನ್ನ ಮೇಲೆ ಸರಿಯುತ್ತಿತ್ತು. ಹಿಂದೆ ಕುಂಚದ ಸದ್ದು. ಕಣ್ಣು ಎಳೆಯುತ್ತಿತ್ತು. ನನ್ನ ಬೆನ್ನು ನನ್ನನ್ನು ಬಿಟ್ಟು ಎದ್ದುಹೋಗಿ ಕ್ವಾರ್ಟರ್ಸಿನ ಬೀದಿ ನಲ್ಲಿಯ ಸಾಲಿನಲ್ಲಿ ನಿಂತಂತೆ, ನೀರು ಹರಿಯುತ್ತಲೇ ಇದ್ದು ಕೊಡ ಮಾತ್ರ ತುಂಬದಂತೆ ಅನಿಸುತ್ತಿತ್ತು. ಗೊರಕೆ ಹೊಡೆದರೆ ಬೆನ್ನು ಅಲುಗಾಡುತ್ತದೆ ಎಂದು ಮಾಲತಿ ಎಬ್ಬಿಸುತ್ತಿದ್ದಳು.

ಪೇಟೆಯ ಪ್ರದರ್ಶನದಲ್ಲಿ ಮಾಲತಿಯ ಚಿತ್ರಗಳನ್ನು ತೂಗುಹಾಕಿದ ದಿನ ಹೋದೆ. ಹೆಂಗಸರ ಚಿತ್ರಗಳೇ ಎಲ್ಲ. ನಡುವೆ ಬಾಗಿಲಷ್ಟು ಎತ್ತರದ ಒಂದು ಬೆನ್ನು: ಒಂದು ಹೆಗಲು ಇಳಿದಿದೆ, ಸೊಂಟ ಎಡಕ್ಕೆ ವಾಲಿದೆ, ರವಿಕೆ ಕಚ್ಚಿದ ಗೆರೆ ಹಾಗೇ ಇದೆ. ಯಾರೋ ಮುದುಕಿ, ಪಾಪ, ನೆಟ್ಟಗೆ ಕೂರಲೂ ಬಾರದು ಎಂದುಕೊಂಡೆ. ಮಾಲತಿ ಹೇಳಿದ ಮೇಲೇ ಅದು ನಾನೆಂದು ತಿಳಿದದ್ದು. ನನಗೇ ಗುರುತು ಸಿಗದ್ದು ಇನ್ಯಾರಿಗೆ ಸಿಕ್ಕೀತು ಎಂದು ಧೈರ್ಯ ಬಂತು.

ಅಷ್ಟರಲ್ಲಿ ಸೆಲ್ವಿ ಬಂದಳು. ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವಳು. ಕರೆದದ್ದು ಬಾಯಿ ಹಗುರದ ನನ್ನ ಮಗಳು. ಹಣ್ಣಿನ ಬುಟ್ಟಿಯ ಹೆಂಗಸಿನ ಚಿತ್ರ ಚೆನ್ನಾಗಿದೆ ನೋಡು ಎಂದು ಆಚೆ ಎಳೆದೆ. ಅವಳು ಬೆನ್ನಿನ ಮುಂದಿನಿಂದ ಕದಲಲಿಲ್ಲ.

“ಅಕ್ಕಾ, ಇದು ನೀನೇ ತಾನೆ?”

“ಮುಖಾನೇ ಇಲ್ಲ ಮಾರಾಯ್ತಿ, ಹೆಂಗೆ ಹೇಳ್ತೀಯ?”

“ಮುಖ ಯಾರು ನೋಡಿದ್ರು? ನಲ್ಲಿ ಹತ್ರ ದಿನಾ ನಿನ್ನ ಹಿಂದೇನೇ ನಿಂತಿದ್ದು. ಒಂದಿನ ಮುಂದೆ ಬಿಟ್ಟಿದೀಯಾ?”

ಮಾನ ಹೋಯಿತು. ಕ್ವಾರ್ಟರ್ಸಿಗೆ ಹೋಗಿ ಬಾಯಿಬಿಡಬೇಡ ಎಂದು ಕೈ ಹಿಡಿದುಕೊಂಡೆ.

“ನಾನ್ಯಾಕೆ ಹೇಳಲಿ? ಎಲ್ಲರನ್ನೂ ಕರ್ಕೊಂಡು ಬರ್ತೀನಿ, ಅವರೇ ಗುರುತು ಹಿಡೀತಾರೆ. ಕೊಡ ಒಂದು ಬರೀಬೇಕಿತ್ತು, ಅಷ್ಟೆ.”

ಆಮೇಲೆ ಅವಳನ್ನು ಭದ್ರಾವತಿ ಬಸ್ಸಿಗೆ ಹತ್ತಿಸಲು ಹೋದೆ. ಒಂದಿನವೂ ಮುಂದೆ ಬಿಡಲಿಲ್ಲ ಎಂಬ ಮಾತಿಗೆ ಮನಸ್ಸು ಚುರುಕ್ ಎಂದಿತ್ತಲ್ಲ, ಇವತ್ತು ನೀನು ಮುಂದೆ ನಡಿ ಎಂದೆ. ಸೆಲ್ವಿ ಖುಷಿಯಾಗಿ ಮುಂದೆ ಹೋದವಳು ಬಸ್ ಸ್ಟ್ಯಾಂಡಿನ ಜನರಲ್ಲಿ ಬೆರೆತುಹೋದಳು. ನೋಡಿದ ಕಡೆಯೆಲ್ಲ ಬೆನ್ನುಗಳು. ಅವಳದು ಯಾವುದೆಂದು ನನಗೆ ಗೊತ್ತಿದ್ದರೆ ತಾನೆ? ಇದೇ ಇರಬೇಕು ಎಂದು ಒಬ್ಬಳ ಸೆರಗು ಹಿಡಿದು ಎಳೆದೆ. ಆ ಹೆಂಗಸು ತಿರುಗಿ ನಿಂತು, ನನ್ನ ಮುಖವನ್ನು ಚೆನ್ನಾಗಿ ಗುರುತಿಟ್ಟುಕೊಂಡು ಹೋದಳು.