ಹೊಂಗೆ ಮರದ ಎಲ್‌ಕೆಜಿ

ಮೂರರಿಂದ ಐದು ವರ್ಷದ ಮಕ್ಕಳನ್ನು ನಾಲ್ಕು ಗೋಡೆಗಳ ನಡುವೆ ಕೂರಿಸಿದರೆ ದಿನಕ್ಕೊಂದು ತಮಾಷೆ ಖಂಡಿತ. ಗೋಡೆಗಳನ್ನೇ ತೆಗೆದುಬಿಟ್ಟರೆ ಗಂಟೆಗೊಂದು. ನಾನು ತೆಗೆದುಬಿಟ್ಟಿದ್ದೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ತುಮಕೂರಿನ ಒಂದು ನರ್ಸರಿಯಲ್ಲಿ ನಾಲ್ಕು ವರ್ಷ ಮಿಸ್ ಆಗಿದ್ದೆ. ಒಂದು ರೂಮು, ಅದರ ತುಂಬ ಮಕ್ಕಳು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎಲ್ಲರ ಬಾಯಿ ಮೇಲೂ ಬೆರಳಿಡಿಸುವುದೇ ನನ್ನ ಕೆಲಸ. ಒಂದು ದಿನ ಒಂದು ಪುಟ್ಟ ಹುಡುಗಿ ಸ್ಲೇಟು ಬಿಟ್ಟು ಕಿಟಕಿಯ ಕಡೆ ನೋಡುತ್ತಾ ಕೂತಿತ್ತು. ಸ್ಕೇಲಿನಿಂದ ಕೈ ಮೇಲೆ ಒಂದು ಕೊಟ್ಟೆ. ಅದು ಅಳಲಿಲ್ಲ. "ಹೋಯ್ತು ಮಿಸ್, ಗೊರವಂಕ ಹಾರ್ಹೋಯ್ತು" ಅಂತು, ಅಷ್ಟೇ. ನನಗೆ ನಾಚಿಕೆಯಾಯಿತು. ನೆನೆಸಿಕೊಂಡರೆ ಈಗಲೂ ಆಗುತ್ತದೆ.

ಆಮೇಲೆ ಯಜಮಾನರಿಗೆ ಗುಬ್ಬಿಗೆ ವರ್ಗವಾಯಿತು. ಊರಾಚೆ ಒಬ್ಬ ಅಜ್ಜಿಯ ತೆಂಗಿನ ತೋಟ, ಅದರ ಮೂಲೆಯಲ್ಲಿ ಒಂದು ದೊಡ್ಡ ಹೊಂಗೆ ಮರ. "ಅಜ್ಜಿ, ಈ ನೆರಳಲ್ಲಿ ಚಿಕ್ಕ ಮಕ್ಕಳಿಗೆ ಸ್ಕೂಲ್ ಮಾಡ್ಲಾ?" ಅಂತ ಕೇಳಿದೆ. ಅಜ್ಜಿ ನನ್ನನ್ನೂ ಮರವನ್ನೂ ನೋಡಿ, "ಮಾಡವ್ವ, ಮಕ್ಳು ಕಿರುಚ್ತಾ ಇದ್ರೆ ತೋಟಕ್ಕೆ ಕೋತಿ ಬರಾಕಿಲ್ಲ" ಅಂದಿತು.

ಹೀಗೆ ಕೋತಿ ಓಡಿಸುವ ಷರತ್ತಿನ ಮೇಲೆ ನನ್ನ ಶಾಲೆ ಶುರುವಾಯಿತು. ಬೆಂಚಿಲ್ಲ, ಬೋರ್ಡಿಲ್ಲ, ಚಾಪೆ, ಮಣ್ಣು, ಎಲೆ, ಕಲ್ಲು, ಹುಳ, ಮತ್ತು ಹದಿನಾಲ್ಕು ಮಕ್ಕಳು. "ಹತ್ತಕ್ಕಿಂತ ಕಮ್ಮಿಯಾದ್ರೆ ಮುಚ್ಚಿಬಿಡ್ಬೇಕು" ಅಂತ ಯಜಮಾನರು ಮೊದಲೇ ಹೇಳಿದ್ದರು. ಮುಚ್ಚಿದರೆ ನನಗೆ ಮತ್ತೆ ಅದೇ ರೂಮು, ಅದೇ ಸ್ಕೇಲು. ಆ ಯೋಚನೆ ಬಂದರೆ ಊಟ ಸೇರುತ್ತಿರಲಿಲ್ಲ.

೧. ಅವರ ತೋಟ, ನಮ್ಮ ತೋಟ

ಒಬ್ಬ ಹುಡುಗನನ್ನು ಅವರಪ್ಪ ದಿನಾ ಮೊಪೆಡ್‌ನಲ್ಲಿ ಕೂರಿಸಿಕೊಂಡು, ತಮ್ಮ ಸ್ವಂತ ತೋಟವನ್ನು ದಾಟಿಕೊಂಡು, ನನ್ನ ಮರದ ಕೆಳಗೆ ಬಿಟ್ಟು ಹೋಗುತ್ತಿದ್ದರು. ಒಂದು ದಿನ ಹುಡುಗನ ತಾತ ನೋಡಲು ಬಂದರು. ಮೊಮ್ಮಗ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಕಡ್ಡಿಯಲ್ಲಿ ಕಾಲುವೆ ಕೊರೆದು ನೀರು ಹರಿಸುತ್ತಿದ್ದ.

"ಇವನೇನ್ ಮಾಡ್ತಾವ್ನೆ ಇಲ್ಲಿ?" ತಾತ ಕೇಳಿದರು.

ನಾನು ಗಂಭೀರವಾಗಿ, "ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತೆ ಅಂತ ತಾನಾಗೇ ಕಂಡ್ಕೊಳ್ತಾ ಇದಾನೆ" ಅಂದೆ.

ತಾತ ಪಂಚೆ ಎತ್ತಿ ಕಟ್ಟಿದರು. "ಮೊನ್ನೆ ನಮ್ ತೋಟದಾಗೂ ಇದ್ನೇ ಕಂಡ್ಕಂಡ. ಅವ್ರಪ್ಪ ಬೆನ್ನಿಗೆ ನಾಕು ಬಿಟ್ಟ. ನಮ್ ತೋಟದಾಗೆ ಮಾಡುದ್ರೆ ಪೋಲಿ, ನಿಮ್ ತೋಟದಾಗೆ ಮಾಡುದ್ರೆ ವಿದ್ಯೆ. ಆಗ್ಲಿ ಬುಡಿ ಮೇಡಮ್ಮೋರೇ, ನಾಳಿಕೆ ನಮ್ ತೋಟಕ್ಕೂ ಇಸ್ಕೂಲು ಅಂತ ಒಂದು ಬೋರ್ಡ್ ಹಾಕುಸ್ತೀನಿ."

೨. ಟೈ

ತಾಯಂದಿರಿಗೆ ಒಂದೇ ಕೊರಗು, ನಮ್ಮಲ್ಲಿ ಯೂನಿಫಾರಂ ಇಲ್ಲ. "ರೋಡಲ್ಲಿ ನೋಡ್ದೋರಿಗೆ ನಮ್ ಮಗ ಸ್ಕೂಲಿಗೆ ಹೋಗ್ತಿದಾನೋ ದನ ಮೇಯಿಸೋಕೆ ಹೋಗ್ತಿದಾನೋ ಗೊತ್ತಾಗಲ್ಲ ಮಿಸ್" ಅಂತ ಒಬ್ಬ ತಾಯಿ ಕಣ್ಣಲ್ಲಿ ನೀರು ತಂದುಕೊಂಡರು. ಮಾರನೇ ದಿನ ಅವರೇ ಒಂದು ತೀರ್ಮಾನಕ್ಕೆ ಬಂದು ಮಗನಿಗೆ ಬಿಳಿ ಶರ್ಟು, ಬೂಟು, ಕೆಂಪು ಟೈ ಹಾಕಿ ಕಳಿಸಿದರು.

ಮಧ್ಯಾಹ್ನ ಕರೆದುಕೊಂಡು ಹೋಗಲು ಬಂದಾಗ ಬೂಟಿನ ತುಂಬ ಹುಣಸೆ ಬೀಜ ಇತ್ತು, ಟೈ ಇರಲಿಲ್ಲ. "ಟೈ ಎಲ್ಲೋ?" ಅಂದರೆ ಹುಡುಗ, "ಆಡು ನಮ್ಮ ಅವರೆ ಗಿಡ ತಿಂತಾ ಇತ್ತಮ್ಮ, ಕಟ್ಹಾಕ್ದೆ" ಅಂದ. ಅವನು ತೋರಿಸಿದ ಕಡೆ ನೋಡಿದರೆ ಅಲ್ಲಿ ಆಡೂ ಇಲ್ಲ, ಟೈಯೂ ಇಲ್ಲ.

ಎಲ್ಲರೂ ರಸ್ತೆಗೆ ಓಡಿದೆವು. ಎದುರಿನಿಂದ ಆಡಿನ ಮಂದೆ ಬರುತ್ತಿತ್ತು. ಎಲ್ಲಕ್ಕಿಂತ ಮುಂದೆ ಒಂದು ಕರಿ ಆಡು, ಕುತ್ತಿಗೆಗೆ ಕೆಂಪು ಟೈ ಕಟ್ಟಿಕೊಂಡು, ತಲೆ ಎತ್ತಿಕೊಂಡು ನಡೆದು ಬರುತ್ತಿತ್ತು. ಹಿಂದಿನಿಂದ ಆಡು ಕಾಯುವವನು ಕೂಗಿದ: "ಮೇಡಮ್ಮೋರೇ, ಇದುಕ್ಕೂ ಅಡ್ಮಿಷನ್ ಮಾಡ್ಕಂಡ್ರಾ? ಆಗ್ಲಿಂದ ನನ್ ಮಾತೇ ಕೇಳ್ತಿಲ್ಲ!"

ತಾಯಿಯೂ ನಕ್ಕರು. ನಗುನಗುತ್ತಲೇ ಮುಂದಿನ ತಿಂಗಳು ಮಗನನ್ನು ಕಾನ್ವೆಂಟಿಗೆ ಸೇರಿಸಿದರು. ಆಡು ಮಾತ್ರ ದಿನಾ ತಪ್ಪದೆ ಬರುತ್ತಿತ್ತು.

೩. ಹಾವು ಬಂದರೆ

"ಹಾವು ಬಂದ್ರೆ ಏನ್ಮಾಡ್ತೀರ?" ಎಂಬ ಪ್ರಶ್ನೆಯನ್ನು ಕೇಳದ ತಂದೆಯೇ ಇಲ್ಲ. ನಾನು ಕುಣಿಗಲ್ ತಾಲ್ಲೂಕಿನವಳು, ಅಮೃತೂರಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು, ಹಾವು ನನಗೇನು ಹೊಸದಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಮಕ್ಕಳಿಗೂ ವಾರಕ್ಕೊಮ್ಮೆ ಅಭ್ಯಾಸ ಮಾಡಿಸುತ್ತಿದ್ದೆ. ಹಾವು ಕಂಡರೆ ಕಿರುಚಬಾರದು, ಓಡಬಾರದು, ಇದ್ದ ಜಾಗದಲ್ಲೇ ಗೊಂಬೆ ಥರ ನಿಲ್ಲಬೇಕು, ಅದರ ಪಾಡಿಗೆ ಅದು ಹೋಗುತ್ತದೆ.

ಒಂದು ದಿನ ನಿಜವಾಗಲೂ ಒಂದು ಕೇರೆ ಹಾವು ಚಾಪೆಯ ಪಕ್ಕದಲ್ಲೇ ಹರಿದು ಬಂತು. ಹದಿಮೂರು ಮಕ್ಕಳೂ ಗೊಂಬೆಗಳಾಗಿ ನಿಂತರು. ಒಬ್ಬರೂ ರೆಪ್ಪೆ ಮಿಟುಕಿಸಲಿಲ್ಲ. ಹಾವು ಅದರ ಪಾಡಿಗೆ ಅದು ಹೋಯಿತು.

ಓಡಿದ್ದು ಒಬ್ಬಳೇ. ಪಾಠ ಹೇಳಿಕೊಟ್ಟವಳು. ಅಜ್ಜಿಯ ಮನೆ ಜಗಲಿ ಹತ್ತಿ ನಿಂತಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ವಿಷಯ ಊರೆಲ್ಲ ಹರಡಿ ಮತ್ತಿಬ್ಬರು ಮಕ್ಕಳನ್ನು ಬಿಡಿಸಿದರು. ಹಾವಿಗೆ ಹೆದರಿ ಅಲ್ಲವಂತೆ, ಮಿಸ್ ಓಡಿದ ಸ್ಪೀಡು ಕೇಳಿ.

೪. ಚಿತ್ರದ ಹಸು

ಉಳಿದ ಹನ್ನೊಂದರಲ್ಲಿ ಒಬ್ಬ ಹುಡುಗಿಗೆ ತುಮಕೂರಿನ ದೊಡ್ಡ ಶಾಲೆಯಲ್ಲಿ ಒಂದನೇ ಕ್ಲಾಸಿನ ಸೀಟಿಗೆ ಇಂಟರ್‌ವ್ಯೂ ಇತ್ತು. ಅವಳ ತಂದೆ ಗುಬ್ಬಿಯ ಒಂದು ಆಫೀಸಿನಲ್ಲಿ ಗುಮಾಸ್ತರು, ಬಲು ಮರ್ಯಾದಸ್ಥರು. "ಮಿಸ್, ನೀವೂ ಬನ್ನಿ. ಇವಳಿಗೆ ಸೀಟ್ ಸಿಗ್ಲಿಲ್ಲ ಅಂದ್ರೆ ಮಿಕ್ಕೋರೂ ಬಿಡಿಸ್ತಾರೆ" ಅಂದರು. ಸುಳ್ಳಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಯಡಿಯೂರಿನ ದೇವರಿಗೆ ಹರಕೆ ಹೊತ್ತುಕೊಂಡೇ ಹೋದೆ.

ಹೆಡ್‌ಮಿಸ್ ಗೋಡೆಯ ಮೇಲಿನ ಚಾರ್ಟು ತೋರಿಸಿ, "ಇದೇನಮ್ಮ?" ಅಂದರು.

ಹುಡುಗಿ ನೋಡಿತು. ಹತ್ತಿರ ಹೋಗಿ ನೋಡಿತು. ಬಗ್ಗಿ ನೋಡಿತು. ತಂದೆ ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು.

"ಹಸು ನೋಡಿಲ್ವಾ ಪುಟ್ಟಿ?" ಹೆಡ್‌ಮಿಸ್ ತಾವೇ ಉತ್ತರ ಹೇಳಿಕೊಟ್ಟರು.

"ನೋಡಿದೀನಿ. ಇದು ಹಸು ಅಲ್ಲ. ಕೆಚ್ಚಲೇ ಇಲ್ಲ."

ಹೆಡ್‌ಮಿಸ್ ಕನ್ನಡಕ ಹಾಕಿಕೊಂಡು ಎದ್ದು ಬಂದು ಬಗ್ಗಿ ನೋಡಿದರು. ಬರೆದವನು ನಿಜವಾಗಿಯೂ ಮರೆತಿದ್ದ. "ಹೌದಲ್ಲ! ಹಾಗಾದ್ರೆ ಹೋರಿ ಅನ್ನೋಣ್ವಾ?" ಅಂದರು.

ಹುಡುಗಿ ಮತ್ತೊಂದು ಸಲ ಬಗ್ಗಿ, ಸರಿಯಾಗಿ ಪರೀಕ್ಷೆ ಮಾಡಿ, ತಲೆಯಾಡಿಸಿತು. "ಹೋರಿನೂ ಅಲ್ಲ ಮಿಸ್. ಯಾಕಂದ್ರೆ..."

"ಸಾಕು, ಸಾಕು ಪುಟ್ಟಿ!" ಅಂತ ತಂದೆ ಮಗಳ ಬಾಯಿ ಮುಚ್ಚಿದರು. ಹೆಡ್‌ಮಿಸ್ ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡೇ ಅಡ್ಮಿಷನ್ ಫಾರಂ ಮುಂದೆ ತಳ್ಳಿದರು.

ವಾಪಸು ಬರುವಾಗ ಆ ಗುಮಾಸ್ತರು ಸೀಟು ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಹೇಳಲಿಲ್ಲ. ಬಸ್ಸಿನ ಕಿಟಕಿಯಾಚೆ ನೋಡುತ್ತಾ, "ಎಲ್ಲಾ ಹೇಳ್ಕೊಡಿ ಮಿಸ್, ಬೇಡ ಅನ್ನಲ್ಲ. ಆದ್ರೆ ಅಷ್ಟೊಂದು ಬಗ್ಗಿ ನೋಡೋದು ಬೇಡ" ಅಂದರು.

೫. ಸುಣ್ಣದ ಗೆರೆ

ಸೀಟಿನ ಸುದ್ದಿ ಹಬ್ಬಿ ಜೂನಿಗೆ ಹದಿನಾರು ಮಕ್ಕಳಾದರು. ನಾನು ಬೀಗುತ್ತಿರುವಾಗಲೇ ಯಾರೋ ಮೂಗರ್ಜಿ ಬರೆದರು. 'ತೆಂಗಿನ ತೋಟದಲ್ಲಿ ಮಕ್ಕಳನ್ನು ಕೂರಿಸುತ್ತಾರೆ, ತಲೆ ಮೇಲೆ ಕಾಯಿ ಬಿದ್ದರೆ ಯಾರು ಹೊಣೆ?' ಅಂತ. ವಿಚಾರಣೆಗೆ ಒಬ್ಬ ಅಧಿಕಾರಿ ಬರುವುದೆಂದಾಯಿತು. ಅವರು ಬೇಡ ಅಂದರೆ ಹದಿನಾರಿದ್ದರೂ ಅಷ್ಟೇ, ಅರವತ್ತಿದ್ದರೂ ಅಷ್ಟೇ, ಶಾಲೆ ಮುಚ್ಚಲೇಬೇಕು.

ಅರ್ಜಿಯಲ್ಲಿದ್ದ ಭಯ ನನಗೂ ಇಲ್ಲದಿರಲಿಲ್ಲ. ಅದಕ್ಕೇ ಮೊದಲ ದಿನದಿಂದಲೂ, ತೆಂಗಿನ ಗರಿಗಳು ಚಾಚಿಕೊಂಡಿರುವಲ್ಲಿಂದ ಈಚೆಗೆ ಸುಣ್ಣದಲ್ಲಿ ಒಂದು ಗೆರೆ ಹಾಕಿದ್ದೆ. ಗೆರೆಯಿಂದ ಈಚೆ ಹೊಂಗೆ ಮರ, ಮಕ್ಕಳು. ಆಚೆ ಯಾರೂ ಹೋಗುವ ಹಾಗಿಲ್ಲ. ದಾಟಿದವರು ಹತ್ತು ಸಲ ಕಪ್ಪೆ ಥರ ಕುಪ್ಪಳಿಸಬೇಕು.

ಅಧಿಕಾರಿ ಜೀಪಿನಲ್ಲಿ ಬಂದರು. ಡ್ರೈವರ್ ನೆರಳು ಹುಡುಕಿ ಒಂದು ತೆಂಗಿನ ಮರದ ಕೆಳಗೆ ಜೀಪು ನಿಲ್ಲಿಸಿದ. ಅಜ್ಜಿ, ಐದಾರು ಜನ ತಂದೆತಾಯಂದಿರು ಸುತ್ತ ನಿಂತರು. ಹೊಂಗೆ ನೆರಳಿನ ತುಂಬ ಮಕ್ಕಳಿದ್ದರಿಂದ ಅದರ ಅಂಚಿನಲ್ಲಿ, ಗೆರೆಯ ಪಕ್ಕ ಕುರ್ಚಿ ಹಾಕಿಸಿದ್ದೆ. ಅಧಿಕಾರಿ ಕೂತು ಅರ್ಜಿ ಓದುತ್ತಿದ್ದ ಹಾಗೆ ಮುಖಕ್ಕೆ ಬಿಸಿಲು ಬಂತು. ಎದ್ದು, ಕುರ್ಚಿಯನ್ನು ನಾಲ್ಕಡಿ ಹಿಂದಕ್ಕೆ ಎಳೆದುಕೊಂಡು ತೆಂಗಿನ ನೆರಳಲ್ಲಿ ಕೂತರು.

ಹದಿನಾರು ಬಾಯಿ ಒಟ್ಟಿಗೆ ಕಿರುಚಿದವು. "ಮಿಸ್! ಸಾರ್ ಗೆರೆ ದಾಟುದ್ರು!"

ಎಲ್ಲರಿಗಿಂತ ಚಿಕ್ಕ ಹುಡುಗಿ ಗೆರೆಯವರೆಗೂ ಹೋಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಹತ್ತು ಸಲ ಕುಪ್ಪಳಿಸ್ಬೇಕು" ಅಂತ ಹೇಳಿತು.

ನಾನು ಓಡಿಹೋಗಿ ಹುಡುಗಿಯನ್ನು ಹಿಂದಕ್ಕೆ ಎಳೆದುಕೊಂಡೆ. "ಕ್ಷಮಿಸಿ ಸಾರ್, ಅಲ್ಲಿಂದಾಚೆ ಕಾಯಿ ಬೀಳಬಹುದು ಅಂತ ಗೆರೆ ಹಾಕಿದೀನಿ" ಅಂದೆ.

ಅಧಿಕಾರಿ ಏನೋ ಹೇಳುವಷ್ಟರಲ್ಲಿ ಅಜ್ಜಿಗೆ ಸಿಟ್ಟು ಬಂತು. "ಬೀಳ್ಬೌದಾ? ಏನವ್ವ ಹಂಗಂತೀಯ! ನಾನು ಮದ್ವೆಯಾಗಿ ಬಂದಾಗ್ನಿಂದ ಈ ತೋಟದಾಗೆ ಒಬ್ರ ತಲೆ ಮ್ಯಾಲೂ ಕಾಯಿ ಬಿದ್ದಿಲ್ಲ. ತೆಂಗಿನಕಾಯ್ಗೆ ಮೂರು ಕಣ್ಣೈತೆ. ನೋಡ್ಕಂಡೇ ಬೀಳೋದು, ಪಾಪ ಮಾಡ್ದೋರ್ ಮ್ಯಾಲೆ ಮಾತ್ರ." ಆಮೇಲೆ ಅಧಿಕಾರಿಗೆ ಕೈಮುಗಿದು ಮೆತ್ತಗೆ, "ನೀವ್ ಕೂತ್ಕಳಿ ಸ್ವಾಮಿ. ನಿಮ್ಗೇನ್ ಭಯ?" ಅಂದಿತು.

ಎಲ್ಲರೂ ಮೊದಲು ಮರ ನೋಡಿದರು, ಆಮೇಲೆ ಅಧಿಕಾರಿಯನ್ನು ನೋಡಿದರು. ಅವರೂ ನಿಧಾನವಾಗಿ ತಲೆ ಎತ್ತಿದರು. ನೆತ್ತಿಗೆ ಸರಿಯಾಗಿ ತುಂಬಿದ ಗೊನೆಯೊಂದು ತೂಗುತ್ತಿತ್ತು.

ಅವರು ಎದ್ದರು. ಎರಡೂ ಕೈಯಲ್ಲಿ ಕುರ್ಚಿ ಎತ್ತಿಕೊಂಡು, "ಬೆಳಗಿನ ಬಿಸಿಲು ಮೈಗೆ ಒಳ್ಳೇದು ಅಂತ ಡಾಕ್ಟ್ರು ಹೇಳಿದಾರೆ" ಅನ್ನುತ್ತಾ ಗೆರೆಯ ಈಚೆಗೆ ಬಂದು ಉರಿಬಿಸಿಲಲ್ಲಿ ಕೂತರು. ಗಂಟೆ ಹನ್ನೆರಡಾಗಿತ್ತು.

"ಮಕ್ಕಳು ಈ ಗೆರೆ ದಾಟಲ್ವಾ?"

"ಮಕ್ಕಳು ದಾಟಲ್ಲ ಸಾರ್" ಅಂದೆ. ಇನ್ನು ಯಾರು ದಾಟುತ್ತಾರೆ ಅಂತ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ಅವರು ಬೆವರು ಒರೆಸಿಕೊಳ್ಳುತ್ತಾ ಬರೆದರು: 'ಮಕ್ಕಳ ಸುರಕ್ಷತೆಗೆ ಸೂಕ್ತ ಕ್ರಮ ಕೈಗೊಂಡಿರುವುದು ಖುದ್ದು ಕಂಡುಬಂದಿದೆ. ಮುಂದುವರಿಸಬಹುದು.' ಸಹಿ ಹಾಕಿ ಅದರ ಒಂದು ಪ್ರತಿಯನ್ನು ನನ್ನ ಕೈಗೆ ಕೊಟ್ಟರು. 'ಮುಂದುವರಿಸಬಹುದು' ಎಂಬ ಪದ ನೋಡಿ ನನಗೆ ಅಳುವೇ ಬಂತು. ಇನ್ನು ಸ್ಕೇಲು ಹಿಡಿಯಬೇಕಾಗಿಲ್ಲ.

ಅಧಿಕಾರಿ ಜೀಪಿನ ಕಡೆ ನಾಲ್ಕು ಹೆಜ್ಜೆ ಹಾಕಿದ್ದರು, ಅಷ್ಟೇ. 'ದಬ್' ಅಂತ ಸದ್ದಾಯಿತು. ದಪ್ಪನೆಯ ಕಾಯಿಯೊಂದು ನೇರವಾಗಿ ಜೀಪಿನ ಬಾನೆಟ್ ಮೇಲೆ ಬಿದ್ದು, ಸಾರಿನ ಬಟ್ಟಲಷ್ಟು ಅಗಲದ ತಗ್ಗು ಮಾಡಿ, ಉರುಳಿಕೊಂಡು ಹೋಗಿ ಡ್ರೈವರ್ ಕಾಲ ಬಳಿ ನಿಂತಿತು. ನಾನು ಕಾಗದವನ್ನು ಗಬಕ್ಕನೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

"ನೋಡುದ್ರಾ?" ಅಂದಿತು ಅಜ್ಜಿ, ಗೆದ್ದ ದನಿಯಲ್ಲಿ. "ಇಷ್ಟ್ ಜನ ಇದೀವಿ, ಒಬ್ರುನ್ನೂ ಮುಟ್ಲಿಲ್ಲ!"

ಆ ಚಿಕ್ಕ ಹುಡುಗಿ ಮಾತ್ರ ಬಹಳ ಯೋಚನೆ ಮಾಡುತ್ತಿತ್ತು. ಗೆರೆಯ ಅಂಚಿನಲ್ಲೇ ನಿಂತು ಅಧಿಕಾರಿಯನ್ನು ಕೂಗಿ ಕೇಳಿತು: "ಸಾರ್, ನಿಮ್ ಜೀಪು ಏನ್ ಪಾಪ ಮಾಡಿತ್ತು?"

ಅಧಿಕಾರಿ ಸರಸರನೆ ಹೋಗಿ ಜೀಪು ಹತ್ತಿದರು. ಡ್ರೈವರಿಗೆ ಉತ್ತರ ಗೊತ್ತಿತ್ತು ಅಂತ ಕಾಣುತ್ತದೆ, ಜೋರಾಗಿ ಕೆಮ್ಮುತ್ತಾ ಮುಖವನ್ನು ಆ ಕಡೆ ತಿರುಗಿಸಿಕೊಂಡ.